ಕಾಸು ಚೀನಾದ್ದು, ದುಡ್ಡು ಜಪಾನಿನದು

ಪ್ರಶ್ನೆ: ಕ್ಯೋಟೋದಲ್ಲಿ ಹಳೆ ಸಾಮಾನಿನ ಸಂತೆಯೊಂದರಲ್ಲಿ ನಡುವೆ ಚೌಕದ ತೂತಿರುವ ಕಂಚಿನ ಕಾಸು ಕೊಂಡೆ. ಮಾರಿದವರು ‘ಇದು ಮಧ್ಯಯುಗದ ಜಪಾನಿನ ದುಡ್ಡು’ ಅಂದರು. ರೂಮಿಗೆ ಬಂದು ಅಕ್ಷರ ಹುಡುಕಿದರೆ ‘ಯುವಾನ್‌ಫೆಂಗ್ ತೊಂಗ್‌ಬಾವ್’, ಚೀನಾದ ಸೋಂಗ್ ಅರಸರ ಕಾಲದ್ದು ಎಂದು ತೋರಿಸಿತು. ನನಗೆ ಮೋಸ ಆಯಿತಾ? ಜಪಾನಿನವರು ಆಗ ತಮ್ಮದೇ ನಾಣ್ಯ ಮಾಡುತ್ತಿರಲಿಲ್ಲವಾ? ಬೇರೆ ದೇಶದ ಕಾಸನ್ನು ಜನ ಹೇಗೆ ನಂಬಿದರು?

ಉತ್ತರ: ಮೋಸ ಆದಂತೆ ಕಾಣುವುದಿಲ್ಲ. ಮಾರಿದವರು ಹೇಳಿದ್ದೂ ಸರಿ, ನೀವು ಹುಡುಕಿದ್ದೂ ಸರಿ. ಕಾಸು ಚೀನಾದ್ದು, ದುಡ್ಡು ಜಪಾನಿನದು. ಆದರೆ ನಿಮ್ಮ ಕೈಯಲ್ಲಿರುವ ಕಾಸಿನ ವಿಷಯದಲ್ಲಿ ಒಂದು ಸಣ್ಣ ತೊಡಕಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಜಪಾನಿಗೆ ನಾಣ್ಯ ಮಾಡಲು ಬರುತ್ತಿರಲಿಲ್ಲ ಅಂತಲ್ಲ. 708ರಲ್ಲಿ ಮುಸಾಶಿ ಸೀಮೆಯ ಚಿಚಿಬುವಿನಲ್ಲಿ ತಾಮ್ರ ಸಿಕ್ಕಿತು. ಆ ಖುಷಿಗೆ ಆಸ್ಥಾನ ಹೊಸ ಶಕೆಯನ್ನೇ ಶುರು ಮಾಡಿ, ‘ವಾದೋ ಕೈಚಿನ್’ ಎಂಬ ಕಾಸು ಹೊರಡಿಸಿತು. ಅಲ್ಲಿಂದ 958ರವರೆಗೆ ಒಟ್ಟು ಹನ್ನೆರಡು ಬಗೆಯ ತಾಮ್ರದ ಕಾಸು ಬಂದವು. ಬರುಬರುತ್ತಾ ಅವು ಚಿಕ್ಕದಾದವು, ತಾಮ್ರ ಕಮ್ಮಿಯಾಗಿ ಸೀಸ ಜಾಸ್ತಿಯಾಯಿತು. ಇಷ್ಟೇ ಆಗಿದ್ದರೆ ಜನ ಸಹಿಸಿಕೊಳ್ಳುತ್ತಿದ್ದರೋ ಏನೋ. ಆದರೆ ಹೊಸ ಕಾಸು ಬಂದಾಗಲೆಲ್ಲ ‘ಹೊಸದು ಒಂದಕ್ಕೆ ಹಳೆಯವು ಹತ್ತು’ ಎಂದು ಆಸ್ಥಾನ ಸಾರುತ್ತಿತ್ತು. ಗಡಿಗೆಯಲ್ಲಿ ಸಾವಿರ ಕಾಸು ಕೂಡಿಟ್ಟವನ ಆಸ್ತಿ ರಾತ್ರಿ ಬೆಳಗಾಗುವುದರಲ್ಲಿ ನೂರಕ್ಕೆ ಇಳಿಯುತ್ತಿತ್ತು. ಹೀಗೆ ಕೈ ಸುಟ್ಟುಕೊಂಡ ಜನ ಕಾಸಿನ ಸಹವಾಸವೇ ಬೇಡ ಅಂದುಕೊಂಡು ಅಕ್ಕಿ, ರೇಷ್ಮೆ, ಬಟ್ಟೆಗೆ ವಾಪಸಾದರು. 958ರ ನಂತರ ಟಂಕಸಾಲೆ ನಿಂತಿತು. ಮತ್ತೆ ಸರ್ಕಾರ ದೇಶಕ್ಕೆಲ್ಲ ಸಾಲುವಷ್ಟು ಕಾಸು ಹೊಯ್ದದ್ದು 1636ರಲ್ಲಿ. ನಡುವಿನ ಆರುನೂರ ಎಪ್ಪತ್ತು ಚಿಲ್ಲರೆ ವರ್ಷ ಏನು ನಡೆಯಿತು ಅನ್ನುವುದೇ ನಿಮ್ಮ ಪ್ರಶ್ನೆ.

ಹನ್ನೆರಡನೇ ಶತಮಾನದ ಮಧ್ಯದಲ್ಲಿ ಹಕಾತಾ ಬಂದರಿಗೆ ಬರುವ ಹಡಗುಗಳಲ್ಲಿ ಸೋಂಗ್ ಕಾಸು ಬರತೊಡಗಿತು. ಮೊದಮೊದಲು ಇದು ದುಡ್ಡಾಗಿ ಅಲ್ಲ, ಬುದ್ಧ ವಿಗ್ರಹ ಮತ್ತು ಪೂಜೆ ಸಾಮಾನುಗಳಿಗೆ ಬೇಕಾದ ಕಂಚಾಗಿ ಬಂತು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಕಾಮಾಕುರಾದ ದೊಡ್ಡ ಬುದ್ಧನನ್ನು ನೀವು ನೋಡಿರಬಹುದು. 1252ರಲ್ಲಿ ಆ ಎರಕದ ಕೆಲಸ ಶುರುವಾಯಿತು. ಅದರ ಲೋಹ ಪರೀಕ್ಷಿಸಿದರೆ ಸೀಸ ಜಾಸ್ತಿ ಇರುವ ಕಂಚು, ಸೋಂಗ್ ಕಾಸಿನ ಮಿಶ್ರಣಕ್ಕೆ ತೀರಾ ಹತ್ತಿರ. ಚೀನಾದ ಕಾಸು ಕರಗಿಸಿಯೇ ಹೊಯ್ದಿರಬೇಕು ಎಂಬ ಮಾತು ಅದಕ್ಕೇ ಬಂದಿದ್ದು.

ಆದರೆ ಹೊಳೆಯುವ, ದುಂಡಗಿನ, ಒಂದೇ ಅಳತೆಯ ವಸ್ತು ಕೈಗೆ ಸಿಕ್ಕಿದರೆ ವ್ಯಾಪಾರಿ ಸುಮ್ನೆ ಕರಗಿಸುತ್ತಾನಾ? ತೈರಾ ನೊ ಕಿಯೊಮೊರಿ ಅಧಿಕಾರದಲ್ಲಿದ್ದಾಗ, ಈಗಿನ ಕೋಬೆ ಇರುವ ಕಡೆ ಬಂದರು ಸರಿಪಡಿಸಿ, ಸೋಂಗ್ ವ್ಯಾಪಾರಕ್ಕೆ ಬಾಗಿಲು ತೆರೆದ. ರಾಜಧಾನಿಯಲ್ಲಿ ಕಾಸು ಹರಿದಾಡಿತು. 1179ರಲ್ಲಿ ಕ್ಯೋಟೋದಲ್ಲಿ ಯಾವುದೋ ವಿಚಿತ್ರ ರೋಗ ಹಬ್ಬಿದಾಗ ಜನ ಅದನ್ನು ‘ಜೆನಿ ನೊ ಯಾಮಾಯಿ’, ಅಂದರೆ ಕಾಸಿನ ಕಾಯಿಲೆ ಎಂದು ಕರೆದರು. ಹಡಗಿನಲ್ಲಿ ಬಂದ ಕಾಸಿನ ಮೇಲೆ ಜನರಿಗಿದ್ದ ಭಯ, ಆಕರ್ಷಣೆ ಎರಡೂ ಆ ಹೆಸರಲ್ಲಿವೆ. ಆಸ್ಥಾನಕ್ಕಂತೂ ಇದು ಇಷ್ಟವಿರಲಿಲ್ಲ. ಇದು ಖೋಟಾ ನಾಣ್ಯಕ್ಕೆ ಸಮ ಎಂಬ ವಾದವೂ ಎದ್ದಿತು. 1193ರಲ್ಲಿ ಸೋಂಗ್ ಕಾಸಿನ ಬಳಕೆ ನಿಷೇಧಿಸಿದರು. ಸಂತೆ ಕಿವಿಗೊಡಲಿಲ್ಲ. 1226ರಲ್ಲಿ ಕಾಮಾಕುರಾದ ಸೈನಿಕ ಸರ್ಕಾರವೇ ‘ಬಟ್ಟೆ ಬಿಟ್ಟು ತಾಮ್ರದ ಕಾಸು ಬಳಸಿ’ ಎಂದು ಆಜ್ಞೆ ಕೊಟ್ಟಿತು. ನಿಷೇಧದಿಂದ ಒಪ್ಪಿಗೆಗೆ ಮೂವತ್ತಮೂರು ವರ್ಷ. ಇದು ಕಾಸಿಗೆ ಸರ್ಕಾರ ಬೆಲೆ ಕೊಟ್ಟ ಕಥೆಯಲ್ಲ, ಜನ ಕೊಟ್ಟ ಬೆಲೆಗೆ ಸರ್ಕಾರ ತಲೆಯಾಡಿಸಿದ ಕಥೆ.

ಹಾಗಾದರೆ ಈ ಕಾಸನ್ನು ಮಾಡಿದವರು ಯಾರು? ಹೆಚ್ಚಿನವನ್ನು ಮಾಡಿದವರು ಉತ್ತರ ಸೋಂಗ್ ಕಾಲದ ಚೀನಾದ ಟಂಕಸಾಲೆಯ ಕೂಲಿಗಳು. ನಿಮ್ಮ ಕಾಸಿನ ಮೇಲಿರುವ ಯುವಾನ್‌ಫೆಂಗ್ ಶಕೆ 1078ರಿಂದ 1085. ಚೀನಾದ ಇತಿಹಾಸದಲ್ಲೇ ಕಾಸು ವಿಪರೀತ ಹೊಯ್ದ ಕಾಲ ಅದು. ವರ್ಷಕ್ಕೆ ಐವತ್ತು ಲಕ್ಷ ಸರಕ್ಕಿಂತಲೂ ಜಾಸ್ತಿ, ಅಲ್ಲಿ ಒಂದು ಸರ ಅಂದರೆ ಸಾವಿರ ಕಾಸಿನ ಲೆಕ್ಕ. ಜಪಾನಿನ ಸಂತೆಗೆ ಅದು ಬಂದು ಮುಟ್ಟುವ ಹೊತ್ತಿಗೆ, ಹೊಯ್ದವರು ಸತ್ತು ಮೂರ್ನಾಲ್ಕು ತಲೆಮಾರು ಕಳೆದಿತ್ತು. ಅದರ ಮೇಲೆ ಹೆಸರಿದ್ದ ಆಳ್ವಿಕೆಯೂ ಮುಗಿದಿತ್ತು. ಜಪಾನಿನಲ್ಲಿ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ. ನನ್ನ ಪ್ರಕಾರ ಅನುಕೂಲವೇ ಆಯಿತು. ಸತ್ತ ಚಕ್ರವರ್ತಿ ‘ಹೊಸದು ಒಂದಕ್ಕೆ ಹಳೆಯವು ಹತ್ತು’ ಎಂದು ಸಾರಲು ಎದ್ದು ಬರುವುದಿಲ್ಲ ಅಲ್ವಾ?

ಚೀನಾದ ಕಡೆ ಮಾತ್ರ ಇದು ದೊಡ್ಡ ತಲೆನೋವು. ತಮ್ಮ ಊರಿನಲ್ಲೇ ಚಿಲ್ಲರೆ ಇಲ್ಲದಂತಾಗುತ್ತದೆ ಎಂದು ದಕ್ಷಿಣ ಸೋಂಗ್ ಅಧಿಕಾರಿಗಳು ಕಾಸಿನ ರಫ್ತನ್ನು ಮತ್ತೆ ಮತ್ತೆ ನಿಷೇಧಿಸಿದರು. 1199ರಲ್ಲಿ ಜಪಾನ್ ಮತ್ತು ಕೊರಿಯಾದ ವ್ಯಾಪಾರಿಗಳನ್ನು ಹೆಸರಿಸಿಯೇ ತಡೆ ಹಾಕಿದರು. ಆದರೂ 1242ರಲ್ಲಿ ಸೈಓಂಜಿ ಕಿನ್‌ತ್ಸುನೆ ಎಂಬ ಕ್ಯೋಟೋದ ಪ್ರಭಾವಿ ಶ್ರೀಮಂತನ ಹಡಗು ಒಂದು ಲಕ್ಷ ಕಾನ್ ಕಾಸು ತುಂಬಿಕೊಂಡು ವಾಪಸ್ ಬಂತು ಎಂದು ಆ ಕಾಲದವರು ಬರೆದಿಟ್ಟಿದ್ದಾರೆ. ಒಂದು ಕಾನ್ ಅಂದರೆ ಸಾವಿರ ಮೊನ್, ಒಂದು ಮೊನ್ ಅಂದರೆ ಒಂದು ಕಾಸು. ಲೆಕ್ಕ ಹಾಕಿ, ಹತ್ತು ಕೋಟಿ ಕಾಸು. ಅಂಕಿ ಸ್ವಲ್ಪ ಉಬ್ಬಿದ್ದರೂ ಇರಬಹುದು. ಆಮೇಲೆ ಚೀನಾ ಮಂಗೋಲರ ಕೈಗೆ ಹೋಯಿತು. ಅವರು ಕಾಗದದ ನೋಟಿಗೆ ಒತ್ತು ಕೊಟ್ಟದ್ದರಿಂದ ಅಲ್ಲಿ ಹಳೆ ಕಾಸಿಗೆ ಕೆಲಸವಿಲ್ಲದಾಯಿತು. 1277ರಲ್ಲಿ ಚಿನ್ನ ತಂದು ತಾಮ್ರದ ಕಾಸು ಕೇಳಿದ ಜಪಾನೀ ವ್ಯಾಪಾರಿಗಳಿಗೆ ಅವರು ಒಪ್ಪಿಗೆ ಕೊಟ್ಟರು. ಕುಬ್ಲಾಯ್ ಖಾನನ ಸೇನೆ ಜಪಾನಿನ ಮೇಲೆ ಮೊದಲ ಸಲ ದಂಡೆತ್ತಿ ಬಂದು ಮೂರೇ ವರ್ಷ ಆಗಿತ್ತು. ಯುದ್ಧ ಯುದ್ಧದ ಪಾಡಿಗೆ, ವ್ಯಾಪಾರ ವ್ಯಾಪಾರದ ಪಾಡಿಗೆ.

ಕಾಸು ಹೇಗೆ ಬರುತ್ತಿತ್ತು ಅನ್ನುವುದಕ್ಕೆ ಸಮುದ್ರದ ತಳದಲ್ಲೇ ಸಾಕ್ಷಿ ಸಿಕ್ಕಿದೆ. 1323ರಲ್ಲಿ ಚೀನಾದ ನಿಂಗ್ಬೋ ಬಂದರಿನಿಂದ ಹಕಾತಾಕ್ಕೆ ಹೊರಟ ಹಡಗೊಂದು ಕೊರಿಯಾದ ಸಿನಾನ್ ಕರಾವಳಿಯಲ್ಲಿ ಮುಳುಗಿತು. 1975ರಲ್ಲಿ ಮೀನುಗಾರರೊಬ್ಬರ ಬಲೆಗೆ ಪಿಂಗಾಣಿ ಸಿಕ್ಕಿ ಅದು ಬೆಳಕಿಗೆ ಬಂತು. ಮರುವರ್ಷದಿಂದ ಮೇಲೆತ್ತುವ ಕೆಲಸ ನಡೆಯಿತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಿಂಗಾಣಿ ಪಾತ್ರೆಗಳು ಸಿಕ್ಕವು. ಎಲ್ಲರೂ ಅದನ್ನೇ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಹಡಗಿನ ತಳಕ್ಕೆ. ಅಲ್ಲಿ 28 ಟನ್ ಕಾಸು ಇತ್ತು, ಸುಮಾರು ಎಂಬತ್ತು ಲಕ್ಷ. ಹಡಗು ಹೊಯ್ದಾಡದಂತೆ ತಳದಲ್ಲಿ ಭಾರ ಬೇಕು. ಕಲ್ಲು ತುಂಬುವ ಬದಲು ಕಾಸು ತುಂಬಿದರೆ ಭಾರವೂ ಆಯಿತು, ಲಾಭವೂ ಆಯಿತು. ಕಾಸಿನ ಕಟ್ಟುಗಳಿಗೆ ಕಟ್ಟಿದ್ದ ಮರದ ಚೀಟಿಗಳೂ ಸಿಕ್ಕಿವೆ. ಅವುಗಳ ಮೇಲೆ ಕ್ಯೋಟೋದ ತೋಫುಕುಜಿ ಎಂಬ ಝೆನ್ ಮಠದ ಹೆಸರಿದೆ. ಆ ಮಠ ಸ್ವಲ್ಪ ಮುಂಚೆ ಬೆಂಕಿಗೆ ಸಿಕ್ಕು ಸುಟ್ಟಿತ್ತು. ಮತ್ತೆ ಕಟ್ಟಲು ದುಡ್ಡು ಬೇಕಿತ್ತು. ಅದಕ್ಕೇ ವಿದೇಶ ವ್ಯಾಪಾರಕ್ಕೆ ಕೈಹಾಕಿತ್ತು.

ದಡ ಸೇರಿದ ಕಾಸಿನ ಮುಂದಿನ ಬದುಕು ದಾರದಲ್ಲಿ. ನಡುವಿನ ತೂತು ಅದಕ್ಕೇ ಇರುವುದು. ಸರಕ್ಕೆ ಪೋಣಿಸಿದ ನೂರು ಕಾಸಿಗೆ ‘ಸಾಶಿ’ ಎಂದು ಹೆಸರು. ತಮಾಷೆ ಏನೆಂದರೆ ಅದರಲ್ಲಿ ಎಣಿಸಿದರೆ ಇರುವುದು 97. ಸರ ಬಿಚ್ಚದೆ ಕೊಟ್ಟರೆ ಅದು ನೂರು, ಬಿಚ್ಚಿದರೆ ತೊಂಬತ್ತೇಳೇ. ಹಾಗಾಗಿ ಬಿಚ್ಚುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಇನ್ನೊಂದು ಕಟ್ಟಳೆ ಇದಕ್ಕಿಂತ ಮುಖ್ಯ. ಸರದಲ್ಲಿರುವುದು ಯಾವ ಅರಸನ ಕಾಸು, ಎಷ್ಟು ಹಳೆಯದು ಎಂದು ನೋಡುವಂತಿಲ್ಲ. ಒಂದು ಕಾಸು ಅಂದರೆ ಒಂದು ಮೊನ್, ಮುಗಿಯಿತು. ಗುನ್ಮಾ ಸೀಮೆಯ ಮಾಯೆಬಾಶಿಯಲ್ಲಿ ಇತ್ತೀಚೆಗೆ ಕಾರ್ಖಾನೆ ಕಟ್ಟಲು ನೆಲ ಅಗೆದಾಗ ಸುಮಾರು ಒಂದು ಲಕ್ಷ ಕಾಸು ಹೊರಬಂದವು. ಅದರಲ್ಲಿ ಕ್ರಿಸ್ತಪೂರ್ವ 175ರ ಹಾನ್ ಕಾಸೂ ಇತ್ತು, 1265ರ ಸೋಂಗ್ ಕಾಸೂ ಇತ್ತು. ಸಾವಿರದ ನಾನೂರು ವರ್ಷದ ಅಂತರದ ಎರಡು ಕಾಸಿಗೆ ಒಂದೇ ಬೆಲೆ!

ಹದಿಮೂರನೇ ಶತಮಾನದ ಕೊನೆ ಹೊತ್ತಿಗೆ ಹಳ್ಳಿಯೂ ಈ ದಾರಕ್ಕೆ ಸಿಕ್ಕಿಕೊಂಡಿತು. ಕ್ಯೋಟೋದಲ್ಲಿ ಕೂತ ಒಡೆಯರಿಗೂ ದೇವಸ್ಥಾನಗಳಿಗೂ ದೂರದ ಜಮೀನಿನಿಂದ ಅಕ್ಕಿಯೋ ಬಟ್ಟೆಯೋ ಕಂದಾಯವಾಗಿ ಬರುತ್ತಿತ್ತು. ಅದರ ಜಾಗದಲ್ಲಿ ಕಾಸು ಬರತೊಡಗಿತು. ಅಂದರೆ ಅಕ್ಕಿಯನ್ನು ಊರ ಹತ್ತಿರವೇ ಯಾರೋ ಮಾರಬೇಕು. ಸಂತೆಗಳು ಹುಟ್ಟಿಕೊಂಡವು, ಮಂಡಿ ವ್ಯಾಪಾರಿಗಳು ಬಂದರು. ಇಪ್ಪೆನ್ ಎಂಬ ಅಲೆಮಾರಿ ಸನ್ಯಾಸಿಯ ಬದುಕನ್ನು ಚಿತ್ರಿಸಿದ 1299ರ ಉದ್ದ ಸುರುಳಿಯಲ್ಲಿ ಬಿಜೆನ್ ಸೀಮೆಯ ಫುಕುಓಕಾ ಸಂತೆ ಇದೆ. ಬಟ್ಟೆ, ಅಕ್ಕಿ, ಮೀನು, ದೊಡ್ಡ ಗಡಿಗೆ, ನಡುವೆ ಕಾಸಿನ ಸರ ಹಿಡಿದ ಕೈ. ನಮ್ಮ ಯಾವ ಸಂತೆಗೂ ಆ ಚಿತ್ರ ಹೊಂದುತ್ತದೆ.

ಆದರೆ ಕಾಸು ಹೊರುವುದು ಸುಲಭವಲ್ಲ. ಒಂದು ಕಾಸು ಮೂರೂವರೆ, ನಾಲ್ಕು ಗ್ರಾಂ. ಹತ್ತು ಕಾನ್ ಆದರೆ ಮೂವತ್ತೈದು ಕಿಲೋ ದಾಟುತ್ತದೆ. ದಾರಿಯಲ್ಲಿ ಕಳ್ಳರು, ಸುಂಕದ ಕಟ್ಟೆಗಳು. ಅದಕ್ಕೆ ನಮ್ಮ ಹುಂಡಿಯಂಥದ್ದೇ ಒಂದು ಕಾಗದ ಹುಟ್ಟಿತು. ‘ಸಾಯಿಫು’ ಎಂದು ಅದರ ಹೆಸರು. ಹತ್ತು ಕಾನ್ ಬೆಲೆಯ ಚೀಟಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಇನ್ನೊಂದು ಕಡೆ ಲೇವಾದೇವಿಯೂ ಬೆಳೆಯಿತು. ಮಣ್ಣಿನ ಗೋಡೆಯ, ಬೆಂಕಿ ತಾಗದ ಉಗ್ರಾಣ ಇಟ್ಟುಕೊಂಡು ಗಿರವಿ ಹಿಡಿಯುವವರು ‘ದೋಸೋ’. ಸಾಕೆ ಎಂಬ ಅಕ್ಕಿ ಹೆಂಡ ಮಾಡುವವರೂ ಇದೇ ದಂಧೆಗೆ ಇಳಿದರು. ಕಾಮಾಕುರಾದವರ ನಂತರ ಬಂದ ಆಶಿಕಾಗಾ ಸೈನಿಕ ಸರ್ಕಾರದ ಬೊಕ್ಕಸ ನಿಂತಿದ್ದೇ ಬಹುಪಾಲು ಇವರ ಮೇಲೆ ಹಾಕಿದ ತೆರಿಗೆಯಿಂದ. ಸಾಲದ ಬಿಸಿ ಯಾರಿಗೆ ತಟ್ಟಿತು ಅನ್ನುವುದು 1428ರಲ್ಲಿ ಗೊತ್ತಾಯಿತು. ಸಾಲ ಮನ್ನಾ ಮಾಡಿ ಎಂದು ಸರಕು ಸಾಗಿಸುವ ಕುದುರೆಯವರು, ರೈತರು ದಂಗೆ ಎದ್ದು ಗಿರವಿ ಅಂಗಡಿಗಳಿಗೆ ನುಗ್ಗಿ ಸಾಲಪತ್ರ ಹರಿದರು. ನಾರಾ ಹತ್ತಿರ ಯಾಗ್ಯೂ ಎಂಬ ಊರಿನ ಬಂಡೆಯೊಂದರಲ್ಲಿ, ಈ ವರ್ಷಕ್ಕಿಂತ ಮುಂಚಿನ ಸಾಲ ನಮ್ಮ ನಾಲ್ಕು ಹಳ್ಳಿಗಳಿಗೆ ಇಲ್ಲ ಎಂದು ಕೆತ್ತಿದ್ದು ಈಗಲೂ ಇದೆ.

ಮರುವರ್ಷ, 1429ರಲ್ಲಿ, ಜಪಾನಿಗೆ ಹೋಗಿ ಬಂದ ಕೊರಿಯಾದ ರಾಯಭಾರಿ ಪಾಕ್ ಸೋಸೆಂಗ್ ತನ್ನ ಅರಸನಿಗೆ ಬೆರಗಿನಿಂದ ವರದಿ ಒಪ್ಪಿಸಿದ. ಅಲ್ಲಿ ದೂರ ಪ್ರಯಾಣ ಹೊರಟವನು ಬುತ್ತಿ ಕಟ್ಟಬೇಕಿಲ್ಲ, ಸೊಂಟದಲ್ಲಿ ಕಾಸಿನ ಸರ ಇದ್ದರೆ ಸಾಕು, ತಂಗಲು, ಕುದುರೆಗೆ, ಸ್ನಾನದ ಮನೆಗೆ ಎಲ್ಲಕ್ಕೂ ಕಾಸೇ ನಡೆಯುತ್ತದೆ ಎಂದು. ಕೊರಿಯಾದ ಅರಸರು ಆಗ ಸ್ವಂತ ನಾಣ್ಯ ಹೊರಡಿಸಿ, ಜನ ಮುಟ್ಟದೆ ಒದ್ದಾಡುತ್ತಿದ್ದರು. ಟಂಕಸಾಲೆ ಇದ್ದಲ್ಲಿ ಕಾಸು ನಡೆಯಲಿಲ್ಲ, ಇಲ್ಲದಲ್ಲಿ ನಡೆಯಿತು.

ಚಲಾವಣೆ ಎಂದಾಗ ನನಗೆ ನೆನಪಾಗುವ ಕಥೆ ‘ತೈಹೇಕಿ’ ಎಂಬ ಹಳೆ ಯುದ್ಧಕಥನದಲ್ಲಿದೆ. ಆಓತೋ ಫುಜಿತ್ಸುನಾ ಎಂಬ ಅಧಿಕಾರಿ ರಾತ್ರಿ ಕಾಮಾಕುರಾದ ನಾಮೆರಿ ಹೊಳೆ ದಾಟುವಾಗ ಹತ್ತು ಕಾಸು ನೀರಿಗೆ ಬಿತ್ತು. ಅವನು ಐವತ್ತು ಕಾಸು ಕೊಟ್ಟು ಪಂಜು ತರಿಸಿ ಹುಡುಕಿಸಿದ. ಜನ ನಕ್ಕರು. ಅವನೆಂದ: ಹತ್ತು ಕಾಸು ಹೊಳೆಯಲ್ಲೇ ಉಳಿದರೆ ಲೋಕಕ್ಕೇ ನಷ್ಟ. ನಾನು ಕೊಟ್ಟ ಐವತ್ತು ಪಂಜು ಮಾರಿದವನ ಹತ್ತಿರ ಇದೆ. ಅರವತ್ತೂ ಲೋಕದಲ್ಲೇ ಉಳಿಯಿತಲ್ಲ! ಇದು ನಡೆದದ್ದೋ ಕಟ್ಟಿದ್ದೋ, ಅದು ಬೇರೆ ಮಾತು. ಹೊಸದಾಗಿ ಹೊಯ್ಯಲಾಗದ, ಹೊರಗಿನಿಂದಲೇ ಬರಬೇಕಾದ ಕಾಸಿನ ಲೋಕದಲ್ಲಿ ಮಾತ್ರ ಇಂಥ ಲೆಕ್ಕ ಹೊಳೆಯುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಜಪಾನಿನವರು ಯಾಕೆ ಮಾಡಲಿಲ್ಲ? ಪ್ರಯತ್ನವೇ ಇರಲಿಲ್ಲ ಅಂತಲ್ಲ. 1334ರಲ್ಲಿ ಗೋ-ದೈಗೋ ಚಕ್ರವರ್ತಿ ‘ಕೆನ್‌ಕೋನ್ ತ್ಸೂಹೋ’ ಎಂಬ ಕಾಸನ್ನೂ ಕಾಗದದ ಹಣವನ್ನೂ ಹೊರಡಿಸುವುದಾಗಿ ಘೋಷಿಸಿದ. ಎರಡು ವರ್ಷಕ್ಕೆ ಅವನ ಆಳ್ವಿಕೆಯೇ ಕುಸಿಯಿತು. ಆ ಕಾಸು ಒಂದೂ ಸಿಕ್ಕಿಲ್ಲ. ಆಮೇಲೆ ಬಂದ ಆಶಿಕಾಗಾ ಶೋಗುನರಿಗೆ, ಅಂದರೆ ದೇಶ ಆಳುವ ಸೇನಾಧಿಪತಿಗಳಿಗೆ, ಮಂಗೋಲರ ನಂತರದ ಮಿಂಗ್ ಅರಸರ ಚೀನಾದಿಂದ ತರುವುದೇ ಸುಲಭ ಅನ್ನಿಸಿತು. ಯೊಶಿಮಿತ್ಸು ‘ಜಪಾನಿನ ಅರಸ’ ಎಂಬ ಬಿರುದು ಸ್ವೀಕರಿಸಿ ಮಿಂಗ್ ಜೊತೆ ವ್ಯಾಪಾರ ಕುದುರಿಸಿದ. ಅವನ ಮೊಮ್ಮಗ ಯೊಶಿಮಾಸಾ ಅಂತೂ ಕಾಸು ಕಳಿಸಿ ಎಂದು ಬಾಯಿಬಿಟ್ಟು ಕೇಳಿದ. ಇಲ್ಲೊಂದು ವಿಚಿತ್ರ ನೋಡಿ. ಆ ಹಡಗುಗಳು ಜಪಾನಿನಿಂದ ಒಯ್ಯುತ್ತಿದ್ದ ಸರಕಿನಲ್ಲಿ ಕತ್ತಿ, ಗಂಧಕದ ಜೊತೆ ತಾಮ್ರವೂ ಇತ್ತು! ತಾಮ್ರ ಕೊಟ್ಟು ತಾಮ್ರದ ಕಾಸು ತರುವುದು. ಹಾಗಾಗಿ ಕೊರತೆ ಇದ್ದದ್ದು ಬರೀ ಲೋಹಕ್ಕಲ್ಲ ಎಂದು ನನ್ನ ಅಭಿಪ್ರಾಯ. ಶೋಗುನನ ಹೆಸರಿನ ಕಾಸನ್ನು ದೂರದ ಸೀಮೆಯ ಒಡೆಯರು ಒಪ್ಪುತ್ತಾರೆಂಬ ಭರವಸೆ ಅವನಿಗೇ ಇರಲಿಲ್ಲ.

ಸರ್ಕಾರ ಮಾಡದಿದ್ದರೂ ಕದ್ದು ಮಾಡುವವರು ಧಾರಾಳವಾಗಿದ್ದರು. ಕ್ಯೋಟೋ, ಕಾಮಾಕುರಾ, ಹಕಾತಾ, ಸಾಕಾಯಿ ಊರುಗಳ ನೆಲದಡಿ ಕಾಸಿನ ಮಣ್ಣಿನ ಅಚ್ಚುಗಳು ಸಿಕ್ಕಿವೆ. ಕೆಲಸ ಹೀಗೆ. ನುಣ್ಣಗಿನ ಮಣ್ಣಿನಲ್ಲಿ ನಿಜವಾದ ಚೀನೀ ಕಾಸುಗಳನ್ನು ಸಾಲಾಗಿ ಒತ್ತುತ್ತಾರೆ. ನಡುವೆ ಒಂದು ಕಾಲುವೆ, ಅದರಿಂದ ಪ್ರತಿ ಗುಳಿಗೂ ಸಣ್ಣ ಕವಲು. ಎರಡು ಅಚ್ಚು ಸೇರಿಸಿ ಒಣಗಿಸಿ, ಮೂಸೆಯಲ್ಲಿ ಕರಗಿಸಿದ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದರೆ ಎಲೆ ಬಿಟ್ಟ ಕೊಂಬೆಯಂತೆ ಕಾಸುಗಳು ಹೊರಬರುತ್ತವೆ. ಜಪಾನಿನಲ್ಲಿ ಅದಕ್ಕೆ ಕೊಂಬೆ ಕಾಸು ಎಂದೇ ಹೆಸರು. ಒಂದೊಂದನ್ನೇ ಮುರಿದು ಅಂಚನ್ನು ಅರದಿಂದ ಉಜ್ಜಿದರೆ ಸರಕು ತಯಾರು. ಒಂದೇ ತೊಂದರೆ. ಬಿಸಿ ಲೋಹ ಆರಿದಾಗ ಕುಗ್ಗುತ್ತದೆ. ಹಾಗಾಗಿ ನಕಲು ಅಸಲಿಗಿಂತ ಒಂದು ಕೂದಲು ಚಿಕ್ಕದು. ನಕಲನ್ನೇ ಒತ್ತಿ ಮಾಡಿದ ನಕಲು ಇನ್ನೂ ಚಿಕ್ಕದು, ಅಕ್ಷರವೂ ಮಸುಕು. ಹದಿನಾರನೇ ಶತಮಾನದ ಸಾಕಾಯಿಯಲ್ಲಂತೂ ಅಕ್ಷರದ ಹಂಗೂ ಬೇಡ ಎಂದು ಬರೀ ಚಪ್ಪಟೆ ಬಿಲ್ಲೆ ಹೊಯ್ಯುತ್ತಿದ್ದರು. ಅಲ್ಲಿ ಸಿಕ್ಕ ಅಚ್ಚುಗಳಲ್ಲಿ ಹೆಚ್ಚಿನವು ಇಂಥವೇ. ತವರ ಸಿಗದೆ ಹೆಚ್ಚುಕಮ್ಮಿ ಶುದ್ಧ ತಾಮ್ರದಲ್ಲೇ ಮಾಡಿದ್ದು. ಅದೂ ಸಂತೆಯಲ್ಲಿ ನಡೆಯಿತು, ಪೂರ್ತಿ ಬೆಲೆಗೆ ಅಲ್ಲದಿದ್ದರೂ.

ಇಲ್ಲಿಗೆ ‘ಒಂದು ಕಾಸು, ಒಂದು ಮೊನ್’ ಕಟ್ಟಳೆ ಬಿರುಕು ಬಿಟ್ಟಿತು. ಸರ ಬಿಚ್ಚದ ಜನ ಸರ ಬಿಚ್ಚಿ ನೋಡತೊಡಗಿದರು. ಸವಕಲು, ಮುಕ್ಕಾದದ್ದು, ನಕಲಿ ಎಲ್ಲವನ್ನೂ ಆರಿಸಿ ತೆಗೆಯುವುದಕ್ಕೆ ‘ಎರಿಜೆನಿ’ ಎಂದು ಹೆಸರು. ಅಂಗಡಿ ಅಂಗಡಿಯಲ್ಲಿ ಜಗಳ. 1485ರಲ್ಲಿ ಪಶ್ಚಿಮದ ಓಉಚಿ ಮನೆತನದ ಒಡೆಯರು ಇದಕ್ಕೆ ನಿಯಮ ತಂದರು. ಆಮೇಲೆ 1500ರಲ್ಲಿ ಶೋಗುನರೂ ತಂದರು. ಓಉಚಿ ನಿಯಮದ ಧಾಟಿ ನೋಡಿದರೆ ನಗು ಬರುತ್ತದೆ. ಏರಾಕು ಎಂಬ ಮಿಂಗ್ ಕಾಸನ್ನು ನೂರರಲ್ಲಿ ಇಪ್ಪತ್ತರಷ್ಟು ಸೇರಿಸಿ ಕಂದಾಯ ಕಟ್ಟಬಹುದು. ವ್ಯಾಪಾರದಲ್ಲಾದರೆ ಮೂವತ್ತು. ಒಡೆಯನಿಗೆ ಒಳ್ಳೆ ಕಾಸು, ಬಜಾರಿಗೆ ಉಳಿದದ್ದು! ಅಚ್ಚ ಹೊಸ, ಲಕ್ಷಣವಾದ ಮಿಂಗ್ ಕಾಸಿಗೆ ಯಾಕೆ ಈ ಅವಮಾನ? ಪಶ್ಚಿಮದವರ ಕಣ್ಣಿಗೆ ಕಾಸು ಅಂದರೆ ಸವೆದ ಸೋಂಗ್ ಕಾಸೇ. ತೀರಾ ಹೊಸದು ಕಂಡರೆ ಅನುಮಾನ. ಪೂರ್ವದ ಕಾಂತೋ ಸೀಮೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಏರಾಕೇ ರಾಜ, ಕಂದಾಯದ ಲೆಕ್ಕವನ್ನೂ ಅದರಲ್ಲೇ ಬರೆದರು. ದೇಶ ಒಗ್ಗೂಡಿಸಲು ಹೊರಟ ಸೇನಾನಿ ಒದಾ ನೊಬುನಾಗಾ ತನ್ನ ಯುದ್ಧದ ಬಾವುಟದ ಮೇಲೆ ಬರೆಸಿಕೊಂಡಿದ್ದೂ ಏರಾಕು ಕಾಸಿನ ಚಿತ್ರವನ್ನೇ.

ಅದೇ ನೊಬುನಾಗಾ 1569ರಲ್ಲಿ ಕೆಟ್ಟ ಕಾಸುಗಳಿಗೆ ದರ್ಜೆ ಕಟ್ಟಿ, ಅಕ್ಕಿಯನ್ನು ದುಡ್ಡಾಗಿ ಬಳಸಬಾರದು ಎಂದೂ ಸಾರಿದ. ಫಲ ಸಿಗಲಿಲ್ಲ. ಚೀನಾದಿಂದ ಬರುವ ಕಾಸು ಬತ್ತಿತ್ತು, ಇದ್ದ ಕಾಸಿನ ಮೇಲೆ ನಂಬಿಕೆ ಹೋಗಿತ್ತು. 1570ರ ಸುಮಾರಿಗೆ ಕ್ಯೋಟೋ ಸುತ್ತಮುತ್ತ ಜಮೀನು ಮಾರುವುದೂ ಮತ್ತೆ ಅಕ್ಕಿಯ ಲೆಕ್ಕದಲ್ಲೇ ಆಯಿತು. ನೊಬುನಾಗಾನ ನಂತರ ಅಧಿಕಾರ ಹಿಡಿದ ತೊಯೊತೊಮಿ ಹಿದೆಯೊಶಿ ದೇಶದ ಜಮೀನನ್ನೆಲ್ಲ ಅಳೆಸಿದಾಗ ಬೆಲೆ ಕಟ್ಟಿದ್ದು ಅಕ್ಕಿಯ ಅಳತೆಯಲ್ಲಿ. ಕೊನೆಗೆ 1636ರಲ್ಲಿ ತೊಕುಗಾವಾ ಸರ್ಕಾರ ‘ಕಾನ್‌ಏ ತ್ಸೂಹೋ’ ಕಾಸನ್ನು ರಾಶಿ ರಾಶಿ ಹೊಯ್ಯಿಸಿತು. 1670ರಲ್ಲಿ ಹಳೆ ಕಾಸುಗಳನ್ನು ನಿಷೇಧಿಸಿತು. ಈ ಸಲದ ನಿಷೇಧ ನಡೆಯಿತು, ಯಾಕೆಂದರೆ ಕೈಗೆ ಬೇರೆ ಒಳ್ಳೆ ಕಾಸು ಸಿಕ್ಕಿತ್ತು.

ಇನ್ನು ಮೊದಲು ಹೇಳಿದ ತೊಡಕು. ಯುವಾನ್‌ಫೆಂಗ್ ಕಾಸನ್ನು ಜಪಾನೀ ಉಚ್ಚಾರದಲ್ಲಿ ‘ಗೆನ್‌ಹೋ ತ್ಸೂಹೋ’ ಅನ್ನುತ್ತಾರೆ. ನಿಮ್ಮದು ಚೀನಾದ ಅಸಲಿ ಇರಬಹುದು. ಮಧ್ಯಯುಗದ ಜಪಾನಿನಲ್ಲಿ ಕದ್ದು ಹೊಯ್ದದ್ದೂ ಇರಬಹುದು. ಮೂರನೆಯದೊಂದು ಇದೆ. 1659ರಿಂದ 1685ರವರೆಗೆ ಸರ್ಕಾರದ ಒಪ್ಪಿಗೆ ಪಡೆದೇ ನಾಗಾಸಾಕಿಯ ವ್ಯಾಪಾರಿಗಳು ಇದೇ ಹೆಸರಿನ ಕಾಸು ಹೊಯ್ದರು. ಅದು ದೇಶದೊಳಗೆ ಬಳಸಲು ಅಲ್ಲ, ವಿಯೆಟ್ನಾಂ ಕಡೆಗೆ ರಫ್ತು ಮಾಡಲು. ಆರು ಶತಮಾನದ ಹಿಂದಿನ ಚೀನೀ ಶಕೆಯ ಹೆಸರು ಹಾಕಿದರೆ ಹೊರಗಿನವರು ಬೇಗ ಒಪ್ಪುತ್ತಾರೆ ಎಂದು ಅವರಿಗೆ ಅನುಭವದಿಂದಲೇ ಗೊತ್ತಿತ್ತು.

ಅಕ್ಕಸಾಲಿಗರ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಅಡ್ಡಗಲ ಅಳೆಯಿರಿ. 24 ಮಿಲಿಮೀಟರ್ ಆಸುಪಾಸು, ಮೂರೂವರೆ ಗ್ರಾಂ ಮೇಲೆ, ಅಕ್ಷರ ಚೂಪಾಗಿದ್ದರೆ ಸೋಂಗ್ ಕಾಸೋ ನಾಗಾಸಾಕಿಯದೋ ಇರಬಹುದು. ಅಕ್ಷರದ ಶೈಲಿ ನೋಡಿ ಅವೆರಡನ್ನೂ ಬೇರೆ ಮಾಡಬಹುದು. ಎರಡೂ ಮುಖದ ಸ್ಪಷ್ಟವಾದ ಫೋಟೊ ಕಳಿಸಿ, ನೋಡಿ ಹೇಳುತ್ತೇನೆ. ಅದಕ್ಕಿಂತ ಚಿಕ್ಕದು, ತೆಳ್ಳಗೆ, ಅಕ್ಷರ ಕಲಸಿದಂತಿದ್ದು, ತಾಮ್ರದ ಕೆಂಪು ಎದ್ದು ಕಾಣುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಮೂರರಲ್ಲಿ ನಿಜವಾಗಿ ಮಧ್ಯಯುಗದ ಜಪಾನಿನಲ್ಲೇ ಹುಟ್ಟಿದ್ದು ಆ ನಕಲಿಯೇ. ತೊಳೆಯಲು ಮಾತ್ರ ಹೋಗಬೇಡಿ, ಹುಣಸೆಹಣ್ಣಂತೂ ಬೇಡವೇ ಬೇಡ.